ಮಾವನ ಕ್ಲಚ್ಚು

ನಮ್ಮ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಮನುಷ್ಯರಲ್ಲ, ಮೋಟಾರ್ ಸೈಕಲ್ಲು. ಬಾಗಿಲು ತೆರೆದರೆ ಎದುರಿಗೇ, ಹಜಾರದ ಮುಕ್ಕಾಲು ಪಾಲು ನುಂಗಿಕೊಂಡು, ಹಳೇ ಹಾಸಿಗೆ ಬಟ್ಟೆ ಹೊದ್ದು ನಿಂತಿರುತ್ತದೆ. ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದರೆ ಮಾತ್ರ ಊಟದ ಮೇಜು ಸಿಗುತ್ತದೆ. ಮೈ ತುಂಬಿಕೊಂಡ ನೆಂಟರು ಬಂದರೆ ಹಿತ್ತಿಲ ಬಾಗಿಲಿನಿಂದ ಕರೆತರುತ್ತೇವೆ. ವಯಸ್ಸಿನಲ್ಲಿ ಅದು ನನ್ನ ಮಾವನಿಗಿಂತ ಸ್ವಲ್ಪ ಚಿಕ್ಕದು, ನನ್ನ ಗಂಡನಿಗಿಂತ ಎಷ್ಟೋ ದೊಡ್ಡದು. ಹಾಗಾಗಿ ಮನೆಯಲ್ಲಿ ಹಿರಿಯ ಮಗನ ಸ್ಥಾನ ಅದಕ್ಕೇ ಸಂದಿತ್ತು.

ಮಾವ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಹೆಗಲಿಗೆ ತಂತಿಯ ಸುರುಳಿ, ಗಾಡಿಯ ಪಕ್ಕಕ್ಕೆ ಏಣಿ ಕಟ್ಟಿಕೊಂಡು ಊರೆಲ್ಲ ಸುತ್ತಿದವರು. ಅತ್ತೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಅಲ್ಲಿಯ ಫೋನು ಕೆಟ್ಟಾಗ ರಿಪೇರಿಗೆ ಹೋದ ಮಾವ, ಸಿಸ್ಟರ್ ಈ ಸ್ಟೂಲು ಸ್ವಲ್ಪ ಹಿಡ್ಕೊಳ್ತೀರಾ ಎಂದು ಕೇಳಿದ್ದರಂತೆ. ಮದುವೆಯಾಗಿ, ಮಗ ಹುಟ್ಟಿ, ಮೊಮ್ಮಗಳು ಕಾಲೇಜಿಗೆ ಹೋಗುವ ಕಾಲ ಬಂದರೂ ಆ ಹೆಸರು ಬದಲಾಗಲಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಸಿಸ್ಟರ್ ಎಂದು ಕರೆಯುವ ಗಂಡ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಕೇಳಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಸೊಟ್ಟಗಾಗಿದ್ದ ಬಾಯಿ ಸರಿಹೋಯಿತು. ಎಡಗೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ದೂರವೇ ಉಳಿಯಿತು. ಲೋಟ ಹಿಡಿದರೆ ಜಾರುತ್ತಿತ್ತು, ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಎಲ್ಲರೆದುರು ಒಮ್ಮೆ ಸೂಪಿನ ಬಟ್ಟಲು ಮಗುಚಿಕೊಂಡ ಮೇಲೆ ಅವರು ಮೇಜಿಗೆ ಬರುವುದನ್ನೇ ಬಿಟ್ಟರು. ತಟ್ಟೆಯನ್ನು ಕೋಣೆಗೇ ತರಿಸಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಉಣ್ಣತೊಡಗಿದರು. ಹಿಸುಕುವುದಕ್ಕೆ ಡಾಕ್ಟರು ಕೊಟ್ಟಿದ್ದ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಅತ್ತೆ ಗದರಿಸಿದರೆ ಗೋಡೆಯ ಕಡೆ ಹೊರಳಿಕೊಳ್ಳುತ್ತಿದ್ದರು.

ಹೀಗಿರುವಾಗ ಹಲ್ಲಿನ ಡಾಕ್ಟರೊಬ್ಬರು ಬಂದರು. ಹಲ್ಲು ನೋಡುವುದಕ್ಕಲ್ಲ. ಅವರಿಗೆ ಹಳೇ ಗಾಡಿಗಳ ಹುಚ್ಚು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್ಕು. ಆ ಡಾಕ್ಟರ ಕಟ್ಟಡದ ಲಿಫ್ಟು ನೋಡಲು ಹೋದಾಗ ಮಾತಿಗೆ ಮಾತು ಬೆಳೆದು ನಮ್ಮ ಗಾಡಿಯ ಸಂಗತಿ ಹೇಳಿಬಿಟ್ಟಿದ್ದರು. ಡಾಕ್ಟರು ಹಜಾರದಲ್ಲಿ ಹೊದಿಕೆ ಸರಿಸಿ, ಮಂಡಿಯೂರಿ, ಮಗುವಿನ ಬಾಯಿ ನೋಡುವ ಹಾಗೆ ಎಂಜಿನ್ನಿನ ಸಂದಿಗಳನ್ನೆಲ್ಲ ಟಾರ್ಚು ಹಾಕಿ ನೋಡಿದರು. ಚೆನ್ನಾಗಿ ನೋಡಿಕೊಳ್ಳುತ್ತೇನೆ, ಯಾವಾಗ ಕೊಟ್ಟರೂ ಸರಿ ಎಂದು ಹೇಳಿ ಹೋದರು.

ಅಂದು ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ ಕೋಣೆಯ ಬಾಗಿಲ ಕಡೆ ಮುಖ ಮಾಡಿ, ಗಾಡಿ ಕೊಟ್ಟುಬಿಡೋಣ ಅಪ್ಪ ಎಂದರು. ಹಜಾರವೂ ಖಾಲಿಯಾಗುತ್ತದೆ, ಇವಳ ಹೊಲಿಗೆ ಮೆಷಿನ್ನಿಗೆ ಬೆಳಕು ಸಿಗುತ್ತದೆ ಎಂದು ನನ್ನ ಹೆಸರನ್ನೂ ನಡುವೆ ತೂರಿಸಿದರು. ನಾನು ಸುಮ್ಮನೆ ಬಟಾಣಿ ಬಡಿಸುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಹಜಾರದ ಮೇಲೆ ನನಗೂ ಕಣ್ಣಿತ್ತು. ಶಾಲೆಯ ಯೂನಿಫಾರ್ಮುಗಳನ್ನು ಅಡುಗೆಮನೆಯ ಮೂಲೆಯಲ್ಲಿ, ಒಗ್ಗರಣೆಯ ಹೊಗೆಯಲ್ಲಿ ಕೆಮ್ಮುತ್ತ ಹೊಲಿದು ಹೊಲಿದು ನನಗೆ ಸಾಕಾಗಿತ್ತು.

ಬಾಗಿಲು ತೆರೆಯಿತು. ಮಾವ ಕೈಯಲ್ಲಿ ತಟ್ಟೆ ಹಿಡಿದೇ ಹೊರಗೆ ಬಂದರು.

"ನಾನಿನ್ನೂ ಬದುಕಿದ್ದೀನಲ್ಲ?"

"ಬದುಕಿರಬೇಕು ಅಂತಾನೇ ಹೇಳ್ತಿರೋದು," ಎಂದರು ನನ್ನವರು. "ಕ್ಲಚ್ ಹಿಡಿ ಇರೋದು ಎಡಗಡೆ. ಚೆಂಡು ಹಿಸುಕೋಕಾಗದ ಕೈಯಲ್ಲಿ ಅದನ್ನ ಹೇಗೆ ಹಿಸುಕ್ತೀರ?"

ಮಾವ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, ಆ ಕ್ಲಚ್ಚು ನಿಂತು ನಿಂತು ಅಂಟಿಕೊಂಡಿದೆ, ಅದನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ, ಕಟ್ಟಿದ ಮೇಲೆ ಕೈಯನ್ನು ನೋಡು ಎಂದರು. ನನ್ನವರು ದಿನಾ ಹತ್ತಾರು ಜನರ ಪ್ರಾಣ ಹೊತ್ತು ಮೇಲೆ ಕೆಳಗೆ ಓಡಾಡುವ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು. ಪರೀಕ್ಷೆ ಮಾಡದೆ ಯಾವುದನ್ನೂ ನಂಬುವ ಜಾತಿಯಲ್ಲ. ಅವರು ಅಲ್ಲೇ ಷರತ್ತು ಹಾಕಿದರು. ಕ್ಲಚ್ಚು ಕಟ್ಟಿದ ಮೇಲೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಯ ಗುಡ್ಡ ಹತ್ತಬೇಕು. ಹತ್ತಿದರೆ ಗಾಡಿ ಇಲ್ಲೇ ಇರಲಿ. ಹತ್ತದಿದ್ದರೆ ಹಲ್ಲಿನ ಡಾಕ್ಟರಿಗೆ.

"ಆಗಲಿ," ಎಂದರು ಮಾವ.

"ನನ್ನನ್ನ ಯಾರೂ ಕೇಳಲ್ವಾ?" ಎಂದರು ಅತ್ತೆ. ಯಾರೂ ಕೇಳಲಿಲ್ಲ.

ಮಾರನೆಯ ದಿನವೇ ಊಟದ ಮೇಜಿನ ಅರ್ಧ ಭಾಗ ಗ್ಯಾರೇಜಾಯಿತು. ಬಿಚ್ಚುವುದಕ್ಕೆ ಬಲ ಬೇಕಾದಲ್ಲೆಲ್ಲ ನನ್ನ ಮಗಳು ಕೈಹಾಕಿದಳು. ಹುಟ್ಟಿದಾಗ ಅವಳು ಅಳುವುದು ಶ್ರುತಿ ತಪ್ಪಿದ ವಾದ್ಯದಂತೆ ಕೇಳುತ್ತಿತ್ತೆಂದು ಮಾವ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದರು. ಕಾಲೇಜಿನಲ್ಲಿ ಅವಳಿಗೆ ಬೇರೆ ಹೆಸರಿದೆ, ಮನೆಯಲ್ಲಿ ಪಿಟೀಲೇ. ಎಂಜಿನ್ನಿನ ಪಕ್ಕದ ಕವರು ಬಿಚ್ಚಿದಾಗ ಕಪ್ಪು ಎಣ್ಣೆ ಸುರಿಯಿತು. ನನ್ನ ಕೇಕಿನ ತಟ್ಟೆಯನ್ನು ಅಡಿಗೆ ಇಟ್ಟಿದ್ದರು. ಆಮೇಲೆ ಅದು ಕೇಕಿನ ತಟ್ಟೆಯಾಗಿ ಉಳಿಯಲಿಲ್ಲ.

ಒಳಗಿನಿಂದ ಒಂದರ ಮೇಲೊಂದು ಜೋಡಿಸಿದ ದುಂಡು ತಗಡುಗಳು ಬಂದವು. ಇದರಲ್ಲಿ ಏನಿದೆ ಮಹಾ ಎಂದು ಪಿಟೀಲು ಕೇಳಿದಾಗ ಮಾವನ ಮುಖ ಅರಳಿತು. ಅರ್ಧದಷ್ಟು ತಗಡು ಎಂಜಿನ್ನಿನ ಕಡೆಯವು, ಅರ್ಧದಷ್ಟು ಚಕ್ರದ ಕಡೆಯವು. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಎರಡೂ ಒಟ್ಟಿಗೆ ತಿರುಗುತ್ತವೆ, ಗಾಡಿ ಓಡುತ್ತದೆ. ಹ್ಯಾಂಡಲ್ಲಿನ ಹಿಡಿ ಎಳೆದರೆ ಸ್ಪ್ರಿಂಗು ಸೋಲುತ್ತದೆ, ತಗಡುಗಳು ಬಿಡಿಯಾಗುತ್ತವೆ, ಆಗ ಗೇರು ಹಾಕಬಹುದು. ಸ್ಪ್ರಿಂಗು ಬಿಗಿ ಇದ್ದಷ್ಟೂ ಗಾಡಿ ಭಾರ ಎಳೆಯುತ್ತದೆ, ಕೈಗೂ ಅಷ್ಟೇ ಭಾರವಾಗುತ್ತದೆ. ಇಷ್ಟನ್ನು ಅವರು ಎರಡು ಬಿಸ್ಕತ್ತು ಹಿಡಿದು ವಿವರಿಸಿದರು. ವಿವರಿಸಿ ಮುಗಿಸಿದ ಮೇಲೆ ಪಿಟೀಲು ಬಿಸ್ಕತ್ತನ್ನು ತಿಂದಳು.

ತಗಡುಗಳಲ್ಲಿ ಸಾಲಾಗಿ ತೂತುಗಳಿದ್ದವು. ಪ್ರತಿ ತೂತಿಗೂ ಒಂದೊಂದು ಕಾರ್ಕಿನ ಬಿರಡೆ. ಹಳೆಯವು ಸುಟ್ಟ ಬ್ರೆಡ್ಡಿನ ಹಾಗೆ ಪುಡಿಯಾಗಿ ಉದುರಿದವು. ಹೊಸ ಕಾರ್ಕು ಬೇಕಿತ್ತು. ಅತ್ತೆಗೆ ಪರಿಚಯದ ಹಳೇ ಔಷಧಿ ಅಂಗಡಿಯವನು ಶೀಶೆಗಳ ಕಾಲದಿಂದ ಉಳಿದಿದ್ದ ಒಂದು ಚೀಲ ಬಿರಡೆಗಳನ್ನು, ಇಲಿ ತಿನ್ನುವುದು ತಪ್ಪಿತು ಎಂದು ಖುಷಿಯಿಂದಲೇ ಕೊಟ್ಟುಕಳಿಸಿದ. ಅವನ್ನು ಕುದಿಯುವ ನೀರಿನಲ್ಲಿ ಹಾಕಿ ಮೆತ್ತಗೆ ಮಾಡಿ, ತೂತಿಗೆ ಒತ್ತಿ, ಒಣಗಿದ ಮೇಲೆ ಎಲ್ಲವನ್ನೂ ಒಂದೇ ಸಮಕ್ಕೆ ಉಜ್ಜಬೇಕು. ಅತ್ತೆ ಹಾಲಿನ ಪಾತ್ರೆಯಲ್ಲಿ ಕಾರ್ಕು ಬೇಯಿಸಿದರು. ಬೆಂದಿದೆಯಾ ನೋಡು ಎಂದು ಸೌಟಿನಲ್ಲಿ ಎತ್ತಿ ನನಗೆ ತೋರಿಸುತ್ತಿದ್ದರು. ಉಪ್ಪು ಕಮ್ಮಿ ಅತ್ತೆ ಎಂದೆ ನಾನು.

ಒತ್ತುವ ಕೆಲಸಕ್ಕೆ ಹೆಬ್ಬೆರಳಿನ ಬಲ ಬೇಕು. ಮಾವ ಎಡಗೈಯಲ್ಲಿ ತಗಡು ಹಿಡಿದು ಬಲಗೈಯಲ್ಲಿ ಒತ್ತಲು ಹೋದರೆ ತಗಡು ತಿರುಗಿಬಿಡುತ್ತಿತ್ತು. ಅತ್ತೆ ಎದ್ದು ಹೋಗಿ ಅವರ ಎಡಗಡೆ ಕೂತರು. ತಗಡಿನ ಅಂಚನ್ನು ಮಾವನ ಬೆರಳುಗಳ ಸಮೇತ ಹಿಡಿದುಕೊಂಡರು. ಇನ್ನು ಒತ್ತಿ ಎಂದರು. ಮಧ್ಯಾಹ್ನವೆಲ್ಲ ಹಾಗೇ ಕೂತು ಕೆಲಸ ಮಾಡಿದರು. ನಾನು ಅಡುಗೆಮನೆಯಿಂದ ನೋಡಿದೆ.

ತಗಡುಗಳು ಮೇಜಿನ ಮೇಲೆ ಒಣಗುತ್ತಿರುವಾಗ ಅವುಗಳ ಪಕ್ಕ ಯಾರು ಸೂಪು ಚೆಲ್ಲುತ್ತಾರೋ ಎಂದು ಮಾವನಿಗೆ ಭಯ. ಕಾಯುವುದಕ್ಕೆ ಅವರೂ ಮೇಜಿಗೇ ಬಂದು ಕೂತರು. ಬಂದವರು ಊಟವನ್ನೂ ಅಲ್ಲೇ ಮಾಡಿದರು. ತಾತ ಹೊರಗೆ ಬಂದರಲ್ಲ ಎಂದು ಪಿಟೀಲು ಬಾಯಿ ತೆರೆಯುವುದರಲ್ಲಿದ್ದಳು, ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವರ ಕೈಯಿಂದ ಲೋಟ ಜಾರಿ ಎರಡು ಸಲ ನೀರು ಚೆಲ್ಲಿತು. ಒರೆಸಿದೆವು. ಅಷ್ಟೇ.

ಮರುಜೋಡಣೆಯ ದಿನ ಮಾವ ಪಿಟೀಲಿಗೆ ಒಂದು ಮಾತನ್ನು ಮನಸ್ಸಿಗೆ ನಾಟುವಂತೆ ಹೇಳಿದರು. ಸ್ಪ್ರಿಂಗಿನ ನಟ್ಟುಗಳನ್ನು ಬಿಗಿ ಮಾಡಿದರೂ ಸಡಿಲ ಮಾಡಿದರೂ ಎಲ್ಲವನ್ನೂ ಸಮಸಮವಾಗಿ ತಿರುಗಿಸಬೇಕು. ಒಂದು ಹೆಚ್ಚು ಒಂದು ಕಮ್ಮಿಯಾದರೆ ತಗಡು ಸೊಟ್ಟಗೆ ಏಳುತ್ತದೆ, ಗೇರು ಕಿರುಚುತ್ತದೆ. ನನ್ನವರೂ ಚಹಾ ಹೀರುತ್ತ ಅದನ್ನು ಕೇಳಿಸಿಕೊಂಡರು. ಕವರಿನ ಮೇಲೆ ಡಬ್ಬಿಯ ಮುಚ್ಚಳದಷ್ಟು ಅಗಲದ ಒಂದು ದುಂಡು ಬಿರಡೆ ಇತ್ತು. ಅದನ್ನು ತಿರುಗಿಸಿ ತೆಗೆದರೆ ನಟ್ಟುಗಳು ನೇರ ಕೈಗೆ ಸಿಗುತ್ತಿದ್ದವು. ಕೊನೆಗೆ ಕೇಬಲ್ಲು ಎಳೆದು ಕಟ್ಟಿ, ಹಿಡಿಯ ಬುಡದಲ್ಲಿ ಒಂದು ನಾಣ್ಯ ತೂರುವಷ್ಟು ಸಡಿಲ ಬಿಟ್ಟರು. ಸಡಿಲವೇ ಇಲ್ಲದಿದ್ದರೆ ಕ್ಲಚ್ಚು ಜಾರುತ್ತದೆ, ಹೆಚ್ಚಾದರೆ ತಗಡು ಬಿಡಿಯಾಗುವುದಿಲ್ಲ ಎಂದರು.

ಹಿಡಿ ಎಳೆಯುವ ಮುಹೂರ್ತಕ್ಕೆ ಎಲ್ಲರೂ ಹಜಾರದಲ್ಲಿ ಗೋಡೆಗೆ ಅಂಟಿಕೊಂಡು ನಿಂತೆವು. ಮಾವ ಸೀಟಿನ ಮೇಲೆ ಕೂತು, ಎಡಗೈ ಎತ್ತಿ ಹಿಡಿಯ ಮೇಲಿಟ್ಟು, ಹಲ್ಲು ಕಚ್ಚಿ ಎಳೆದರು. ಹಿಡಿ ನಡುಗುತ್ತ ನಡುಗುತ್ತ ಹ್ಯಾಂಡಲ್ಲಿಗೆ ತಾಗಿತು. ಪಿಟೀಲು ಚಪ್ಪಾಳೆ ತಟ್ಟಿದಳು. ನನ್ನವರು ಕೈಕಟ್ಟಿ ನಿಂತಿದ್ದವರು ಕೈ ಬಿಟ್ಟರು. ಅತ್ತೆ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಅಲ್ಲಿಂದ ಮನೆಯ ಗಾಳಿಯೇ ಬೇರೆಯಾಯಿತು. ಬೆಳಿಗ್ಗೆ ಚಹಾಕ್ಕೆ ಮೊದಲು ಅತ್ತೆ ತಮ್ಮ ಎರಡು ಬೆರಳನ್ನು ಮಾವನ ಎಡಗೈಗೆ ಕೊಟ್ಟು, ಹಿಸುಕಿ ಎನ್ನುತ್ತಿದ್ದರು. ಮಾವ ಹಿಸುಕುತ್ತಿದ್ದರು. ಅಬ್ಬ, ನೋವಾಯ್ತು ಬಿಡ್ರಿ ಎಂದು ಅತ್ತೆ ಕೈ ಕೊಡವುತ್ತಿದ್ದರು. ಮಾವ ಮೀಸೆಯಡಿ ನಗುತ್ತ ಹಜಾರಕ್ಕೆ ಹೋಗಿ, ಪೇಪರು ಓದುತ್ತ ಓದುತ್ತ ಕ್ಲಚ್ ಹಿಡಿಯನ್ನು ಎಳೆಯುವುದು ಬಿಡುವುದು ಮಾಡುತ್ತಿದ್ದರು. ಮೊದಲೆಲ್ಲ ಒಂದು ಪುಟಕ್ಕೇ ಸುಸ್ತಾಗುತ್ತಿತ್ತು. ಒಂದೆರಡು ವಾರ ಕಳೆಯುವಷ್ಟರಲ್ಲಿ ಕ್ರೀಡೆಯ ಪುಟದವರೆಗೂ ಹೋಗುತ್ತಿದ್ದರು. ದಿನದಿಂದ ದಿನಕ್ಕೆ ಹಗುರವಾಗ್ತಿದೆ, ಕೈಗೆ ಜೀವ ಬಂತು ಎಂದು ಎದುರುಮನೆಯ ದರ್ಜಿಗೂ ಹೇಳಿ ಬಂದರು. ಅವನು ನನ್ನ ಜೊತೆ ಗಿರಾಕಿಗಳಿಗಾಗಿ ಜಗಳವಾಡುವವನು. ಅವನೂ ಸಂತೋಷಪಟ್ಟ.

ತಾವೇ ಗುಂಡಿ ಹಾಕಿಕೊಂಡರು. ಗುಂಡಿ ಒಂದು ಮನೆ ತಪ್ಪಿ ಅಂಗಿ ಓರೆಯಾಗಿತ್ತು. ನಾನು ನೋಡಿದರೂ ನೋಡದವಳಂತೆ ಇದ್ದೆ. ಗಾಡಿಯನ್ನು ಬೀದಿಗಿಳಿಸಿ, ಒಬ್ಬರೇ, ನಮ್ಮ ಸಮತಟ್ಟು ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು. ನನ್ನವರು ಪಕ್ಕದಲ್ಲೇ ಓಡಿದರು. ಬ್ರೇಕು ಬಲಗೈಯಲ್ಲಿ, ಬಲಗಾಲಲ್ಲಿ. ಅವೆರಡಕ್ಕೂ ಏನೂ ಆಗಿರಲಿಲ್ಲ. ಚೆಂಡು ಕೊಟ್ಟಿದ್ದ ಡಾಕ್ಟರಿಗೂ ತೋರಿಸಿದ್ದಾಯಿತು. ನಿಧಾನವಾಗಿ, ಹತ್ತಿರದಲ್ಲಿ, ಸರಿ ಎಂದರು ಅವರು. ಇನ್ನು ಉಳಿದಿದ್ದು ಗುಡ್ಡ.

ಭಾನುವಾರ ಬೆಳಿಗ್ಗೆ ಹೊರಟರು. ಅತ್ತೆ ಹಸಿರು ಸೀರೆ ಉಟ್ಟು, ಹಳೇ ಕಾಲದ ಹಾಗೆ ಒಂದೇ ಕಡೆ ಕಾಲು ಹಾಕಿ ಕೂತು, ಸೊಂಟದ ಬಳಿ ಮಾವನ ಅಂಗಿ ಹಿಡಿದುಕೊಂಡರು. ನಾವು ಮೂವರು ಗುಡ್ಡದ ರಸ್ತೆಗೆ ಮುಂಚೆಯೇ ಹೋಗಿ ನೀರಿನ ಟ್ಯಾಂಕಿನ ಬಳಿ ನಿಂತಿದ್ದೆವು. ಅಲ್ಲಿಂದ ಆಸ್ಪತ್ರೆಯ ಗೇಟಿನವರೆಗೆ ಕಡಿದಾದ ಏರು. ಗಾಡಿ ಗುಡುಗುಡು ಎನ್ನುತ್ತ ತಿರುವಿನಿಂದ ಬಂತು. ಮಾವ ಗೇರು ಇಳಿಸಿದರು. ಏರು ಹಿಡಿದ ಗಾಡಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ನು ಒಮ್ಮೆಲೇ ಕಿರುಚಿಕೊಂಡಿತು. ಎಂಜಿನ್ನು ಓಡುತ್ತಿದೆ, ಗಾಡಿ ಓಡುತ್ತಿಲ್ಲ. ಮಾವ ಆಕ್ಸಿಲರೇಟರು ಇನ್ನಷ್ಟು ತಿರುಚಿದರು. ಇನ್ನಷ್ಟು ಕಿರುಚಿತು. ಕವರಿನ ಸಂದಿಯಿಂದ ಹೊಗೆ ಎದ್ದಿತು, ಕಾರ್ಕು ಸುಟ್ಟ ವಾಸನೆ ನಮ್ಮವರೆಗೂ ಬಂತು. ಗಾಡಿ ನಿಂತಿತು. ಅತ್ತೆ ಕೆಳಗಿಳಿದರು.

ಮನೆಯವರೆಗೆ ಅಪ್ಪ ಮಗಳು ಗಾಡಿ ನೂಕಿಕೊಂಡು ಬಂದರು. ಮಾವ ಹಿಂದೆ ಬಂದರು. ಬಂದವರೇ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸಂಜೆ ಊಟಕ್ಕೆ ಕರೆದರೆ, ತಟ್ಟೆ ಇಲ್ಲೇ ಕಳಿಸು ಎಂದರು.

ತಟ್ಟೆ ಕಳಿಸಲು ನನಗೆ ಕೈಯೇ ಬರಲಿಲ್ಲ. ಅನ್ನದ ಸೌಟು ಹಿಡಿದು ನಿಂತಿದ್ದೆ. ಮೇಜಿನಲ್ಲಿ ಪಿಟೀಲು ಬಿಕ್ಕುವುದು ಕೇಳಿಸಿತು.

"ತಾತನದೇನೂ ತಪ್ಪಿಲ್ಲಮ್ಮ. ನಾನು ನಟ್ಟು ಸಡಿಲ ಮಾಡಿದ್ದೆ."

ಹಿಡಿ ಮೊದಲ ಸಲ ಎಳೆದಾಗ ತಾತನ ಕೈ ನಡುಗಿದ್ದು ನೋಡಿ ಅವಳಿಗೆ ಸಂಕಟವಾಗಿತ್ತಂತೆ. ಅವರು ಮಲಗಿದ್ದ ಒಂದು ಮಧ್ಯಾಹ್ನ ಕವರಿನ ಬಿರಡೆ ತೆಗೆದು, ಪ್ರತಿ ನಟ್ಟನ್ನೂ ಒಂದೊಂದು ಸುತ್ತು, ಸಮಸಮವಾಗಿ, ಸಡಿಲ ಮಾಡಿದ್ದಳು. ನಾನು ಗಂಡನ ಮುಖ ನೋಡಿದೆ. ಮಗಳನ್ನು ಬೈಯುತ್ತಾರೆ ಎಂದುಕೊಂಡರೆ, ಅವರು ಕಕ್ಕಾಬಿಕ್ಕಿಯಾಗಿ ಕೂತಿದ್ದರು.

"ನೀನೂನಾ?" ಎಂದರು.

ಅವರು ಎಣ್ಣೆ ನೋಡುವ ನೆಪದಲ್ಲಿ ಒಂದೂವರೆ ಸುತ್ತು ತಿರುಗಿಸಿದ್ದರು. ಅವರದೂ ಸಮಸಮವಾಗಿ. ಪಾಠ ಇಬ್ಬರೂ ಚೆನ್ನಾಗಿ ಕಲಿತಿದ್ದರು. ಪರೀಕ್ಷೆ ಇಟ್ಟವರೇ ಒಳಗಿಂದೊಳಗೆ ಮಾರ್ಕು ಹಾಕಿದ್ದರು. ನನ್ನ ಗಂಡನ ಮೇಲೆ ಅಷ್ಟು ಪ್ರೀತಿ ನನಗೆ ಎಷ್ಟೋ ವರ್ಷದಿಂದ ಉಕ್ಕಿರಲಿಲ್ಲ. ಅದನ್ನು ಹೇಳುವುದಕ್ಕೆ ಅದು ಹೊತ್ತಲ್ಲ ಎಂದು ಸುಮ್ಮನಾದೆ.

ಅವರು ಎದ್ದು ಹೋಗಿ ಕೋಣೆಯ ಬಾಗಿಲಲ್ಲಿ ನಿಂತರು.

"ಅಪ್ಪ, ಷರತ್ತು ಹಾಕಿದೋನೂ ನಾನೇ, ಸಡಿಲ ಮಾಡಿದೋನೂ ನಾನೇ. ಪಿಟೀಲೂ ಮಾಡಿದ್ದಾಳೆ. ಅದಕ್ಕೇ ಜಾರಿದ್ದು. ನಿಮ್ಮ ಕೈಯಿಂದಲ್ಲ."

ಒಳಗೆ ಮಂಚ ಕಿರುಗುಟ್ಟಿತು. ಮಾವ ಹೊರಗೆ ಬಂದು ಯಾರನ್ನೂ ನೋಡದೆ ಹಜಾರಕ್ಕೆ ಹೋದರು. ನಾವು ಹಿಂದೆ ಹೋದೆವು. ಬಿರಡೆ ತೆಗೆದು ಟಾರ್ಚು ಹಾಕಿ ನೋಡಿದರು. ನಟ್ಟುಗಳು ತಿರುಪಿನ ತುತ್ತತುದಿಯಲ್ಲಿ, ಇನ್ನೊಂದು ಸುತ್ತಿಗೆ ಕಳಚಿ ಬೀಳುವಂತೆ ನೇತಾಡುತ್ತಿದ್ದವು. ಮಾವ ನೋಡುತ್ತಲೇ ಇದ್ದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನಾನು ಹೆದರಿದೆ. ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾವು ಕಂಡಿರಲಿಲ್ಲ.

"ಮೊದಲು ಸಡಿಲ ಮಾಡಿದೋನು ನಾನು," ಎಂದರು. "ಜೋಡಿಸೋ ದಿನವೇ. ಹಿಡಿ ಎಳೆಯೋಕಾಗದೆ ಸಿಸ್ಟರ್ ಎದುರಿಗೆ ಪೆಚ್ಚಾಗಿ ನಿಲ್ಲಬಾರದು ಅಂತ. ಅದರ ಮೇಲೆ ನೀವೂ ಮಾಡಿದ್ರಾ?"

"ಅಮ್ಮ, ನೀನು?" ಎಂದಳು ಪಿಟೀಲು.

"ನನಗೆ ಪುರುಸೊತ್ತು ಎಲ್ಲಿತ್ತು?" ಎಂದೆ. ನಿಜ. ಆ ಮನೆಯಲ್ಲಿ ನಟ್ಟಿಗೆ ಕೈಹಾಕದವಳೆಂದರೆ ನಾನು. ಒಳ್ಳೆಯತನದಿಂದಲ್ಲ, ಯೂನಿಫಾರ್ಮಿನ ಸೀಸನ್ನು.

ಎಲ್ಲರೂ ನಗುತ್ತಿರುವಾಗ ಅತ್ತೆ ನಗುತ್ತಿರಲಿಲ್ಲ. ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ, ನಾನೂ ನಟ್ಟು ಮುಟ್ಟಿಲ್ಲ ಎಂದರು.

"ಆದ್ರೆ ಬೆಳಿಗ್ಗೆ ಬೆಳಿಗ್ಗೆ ನೋವಾಯ್ತು ಅಂತಿದ್ದೆನಲ್ಲ, ಅದು ಸುಳ್ಳು."

ಮಾವನ ನಗು ನಿಂತಿತು. ನಟ್ಟಿನ ಸುಳ್ಳನ್ನು ನುಂಗಿಕೊಂಡವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡಿತು. ಸಾವಿರಾರು ರೋಗಿಗಳನ್ನು ನೋಡಿದ ನರ್ಸಿನ ಮಾತನ್ನು ಅವರು ಡಾಕ್ಟರ ಮಾತಿಗಿಂತ ಹೆಚ್ಚು ನಂಬಿದ್ದರು.

"ಒಂದು ದಿನಾನೂ ನೋವಾಗಿಲ್ವಾ?"

"ಇಲ್ಲ."

ಅವರು ಎಡಗೈ ಚಾಚಿದರು. ಅತ್ತೆ ಎರಡು ಬೆರಳು ಕೊಟ್ಟರು. ಮಾವ ಹಿಸುಕಿದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ನನ್ನವರು ಬೇರೆ ಕಡೆ ನೋಡಿದರು. ಈಗ ಹೇಳು ಎಂದರು ಮಾವ.

"ಹಿಡಿದಿದ್ದು ಗೊತ್ತಾಯ್ತು," ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. "ನೋವಾಗ್ಲಿಲ್ಲ ರೀ."

ಮಾವ ಕೈ ಬಿಡಲಿಲ್ಲ. ತಲೆಯಾಡಿಸಿ, ನಾಳೆಯಿಂದ ನಿಜಾನೇ ಹೇಳು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅನ್ನ ಆರಿಹೋಯ್ತೇನಮ್ಮ ಎಂದು ಕೇಳಿ, ಮೇಜಿಗೆ ಬಂದು ಕೂತರು.

ಕ್ಲಚ್ಚನ್ನು ಮತ್ತೆ ಬಿಚ್ಚಿದೆವು. ಸುಟ್ಟ ಕಾರ್ಕುಗಳು ಗಾಜಿನಂತೆ ನುಣ್ಣಗಾಗಿದ್ದವು. ಕೆಟ್ಟವನ್ನು ಕಿತ್ತು ಹೊಸದು ಬೇಯಿಸಿ ಒತ್ತಿದೆವು, ಉಳಿದವನ್ನು ಮರಳು ಕಾಗದದ ಮೇಲೆ ಉಜ್ಜಿದೆವು. ಈ ಸಲ ನಟ್ಟಿನ ಕೆಲಸ ಎಲ್ಲರೆದುರಿಗೇ ನಡೆಯಿತು. ಮಾವ ಅರ್ಧರ್ಧ ಸುತ್ತು ಬಿಗಿ ಮಾಡುವುದು, ಹಿಡಿ ಎಳೆದು ನೋಡುವುದು, ಎರಡು ದಿನ ಅದೇ ಬಿಗಿಯಲ್ಲಿ ಅಭ್ಯಾಸ ಮಾಡಿ ಮತ್ತೆ ಅರ್ಧ ಸುತ್ತು. ಬೆಳಿಗ್ಗೆ ಅತ್ತೆ ಈಗ ನಿಜ ಹೇಳುತ್ತಿದ್ದರು. ಇಲ್ಲ. ಇಲ್ಲ. ಪರವಾಗಿಲ್ಲ. ಇವತ್ತು ನಿನ್ನೆಗಿಂತ ಕಮ್ಮಿ. ಕಮ್ಮಿ ಎಂದ ದಿನ ಮಾವ ಮುಖ ಊದಿಸಿಕೊಳ್ಳುತ್ತಿದ್ದರು, ಆದರೂ ಮೇಜು ಬಿಟ್ಟು ಏಳುತ್ತಿರಲಿಲ್ಲ. ಮಂಚದ ಕೆಳಗಿನ ಚೆಂಡು ಜೇಬಿಗೆ ಬಂತು. ಅಂಗಡಿಯ ಸರತಿಯಲ್ಲಿ ನಿಂತಾಗಲೂ ಹಿಸುಕುತ್ತಿದ್ದರಂತೆ.

ಒಂದು ದಿನ ಅರ್ಧ ಸುತ್ತು ಬಿಗಿ ಮಾಡಿ ಎಳೆದರೆ ಹಿಡಿ ನಡುವೆಯೇ ನಿಂತಿತು. ಮಾರನೆಯ ದಿನವೂ ನಿಂತಿತು. ವಾರವೆಲ್ಲ ನಿಂತಿತು. ಮಾವ ತಾವೇ ಆ ಅರ್ಧ ಸುತ್ತನ್ನು ಹಿಂದಕ್ಕೆ ತಿರುಗಿಸಿ, ಬಿರಡೆ ಮುಚ್ಚಿ, ಇಲ್ಲಿಗೆ ಸಾಕು ಎಂದರು. ಗುಡ್ಡದ ಮಾತು ಯಾರೂ ಎತ್ತಲಿಲ್ಲ. ಅವರೇ ಎತ್ತಿದರು. ಈ ಭಾನುವಾರ ಎಂದರು.

ಮತ್ತೆ ನಾವು ನೀರಿನ ಟ್ಯಾಂಕಿನ ಬಳಿ ನಿಂತೆವು. ಸುದ್ದಿ ತಿಳಿದು ಎದುರುಮನೆಯ ದರ್ಜಿ ಹೆಂಡತಿ ಮಕ್ಕಳ ಸಮೇತ ಬಂದಿದ್ದ. ಮೇಲಿನಿಂದ ಡ್ಯೂಟಿ ಮುಗಿಸಿ ಇಳಿಯುತ್ತಿದ್ದ ಒಂದಿಬ್ಬರು ನರ್ಸುಗಳೂ ನಿಂತರು. ಗಾಡಿ ತಿರುವು ದಾಟಿ ಬಂತು. ನನ್ನವರ ಕೈ ನನ್ನ ಮೊಣಕೈಯನ್ನು ಹಿಡಿದಿತ್ತು. ಯಾವಾಗ ಹಿಡಿದರೋ ಅವರಿಗೂ ಗೊತ್ತಿರಲಿಕ್ಕಿಲ್ಲ.

ಏರಿನ ಬುಡಕ್ಕೆ ಬಂದವರೇ ಮಾವ ಹಿಡಿ ಎಳೆದು ಗಾಡಿ ನಿಲ್ಲಿಸಿದರು.

"ಇಳಿ ಸಿಸ್ಟರ್," ಎಂದರು.

ನನ್ನವರು ಓಡಿದರು. ಏನಾಯ್ತಪ್ಪ ಎಂದರು. ಮಾವ ಎಂಜಿನ್ನು ಆರಿಸಿದರು. ಸುತ್ತ ನಿಂತವರೆಲ್ಲರಿಗೂ ಕೇಳುವ ಹಾಗೆ, ಆದರೆ ಕೂಗದೆ ಹೇಳಿದರು.

"ಏನೂ ಆಗಿಲ್ಲ. ಇಬ್ಬರನ್ನೂ ಈ ಏರು ಹತ್ತಿಸೋಷ್ಟು ಬಿಗಿ ಮಾಡಿದ್ರೆ ನನ್ನ ಕೈಗೆ ಎಳೆಯೋಕಾಗಲ್ಲ. ನನ್ನ ಕೈಗಾಗೋಷ್ಟು ಇಟ್ರೆ ಏರಿನಲ್ಲಿ ಒಬ್ರನ್ನ ಮಾತ್ರ ಎಳೆಯುತ್ತೆ. ಈ ಕೈ ಇನ್ನು ಇಷ್ಟೇ ಕಣೋ. ಷರತ್ತಿನ ಪ್ರಕಾರ ನಾನು ಸೋತೆ. ಗಾಡಿ ಕೊಡೋದಾದ್ರೆ ನಾಳೆ ಕೊಡು. ಇವತ್ತು ಮೇಲೆ ಹೋಗಿ ಬರ್ತೀವಿ."

ಊರಿನ ಕಂಬಗಳನ್ನೆಲ್ಲ ಹತ್ತಿಳಿದ ಮನುಷ್ಯ. ಆಗುವುದಿಲ್ಲ ಎಂಬ ಮಾತು ಆ ಬಾಯಿಂದ ಬಂದಿದ್ದನ್ನು ಅವರ ಮಗನೂ ಕೇಳಿರಲಿಲ್ಲ. ಅತ್ತೆ ಏನೂ ಕೇಳದೆ ಇಳಿದರು. ಸೀರೆಯ ನೆರಿಗೆ ಸರಿಮಾಡಿಕೊಂಡು, ನೀವು ನಡೀರಿ ನಾನು ಬರ್ತೀನಿ ಎಂದು ರಸ್ತೆಯ ಅಂಚು ಹಿಡಿದು ಏರು ಹತ್ತತೊಡಗಿದರು. ಮಾವ ಕಿಕ್ಕರ್ ಒದ್ದರು. ಗೇರು ಸದ್ದಿಲ್ಲದೆ ಬಿತ್ತು. ಗಾಡಿ ಅತ್ತೆಯನ್ನು ದಾಟಿ, ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಮೇಲಕ್ಕೆ ಹೋಯಿತು. ಒಬ್ಬಳು ನರ್ಸು ಚಪ್ಪಾಳೆ ತಟ್ಟಿದಳು. ದರ್ಜಿಯ ಮಕ್ಕಳು ಹಿಂದೆ ಓಡಿದರು.

ನನ್ನವರು ಬಹಳ ಹೊತ್ತು ಮೇಲೆ ನೋಡುತ್ತ ನಿಂತಿದ್ದರು. ಕೊನೆಗೆ, ಹಲ್ಲಿನ ಡಾಕ್ಟರು ಫೋನ್ ಮಾಡಿದರೆ ಇಲ್ಲ ಎಂದು ಹೇಳಿಬಿಡು ಎಂದರು. ಹಜಾರ ಹೋಯಿತು ಎಂದು ನನಗೂ ತಿಳಿಯಿತು. ಹೋಗಲಿ ಬಿಡಿ, ಅಡುಗೆಮನೆಗೆ ಒಂದು ದೊಡ್ಡ ಕಿಟಕಿ ಇಡಿಸಿಕೊಡಿ ಎಂದೆ. ಇಡಿಸ್ತೀನಿ ಎಂದರು.

ಅವರಿಬ್ಬರು ಮನೆಗೆ ಬರುವಾಗ ಊಟದ ಹೊತ್ತು ಮೀರಿತ್ತು. ಗುಡ್ಡದ ಮೇಲಿನ ಸಮತಟ್ಟು ರಸ್ತೆಯಲ್ಲಿ ಇಬ್ಬರೂ ಕೂತು ಎಲ್ಲೆಲ್ಲೋ ಸುತ್ತಿ ಬಂದಿದ್ದರು. ಮಾವ ಹಜಾರದಲ್ಲಿ ಗಾಡಿ ಒರೆಸುತ್ತ ಪಿಟೀಲಿಗೆ ಏನೋ ಬಣ್ಣಿಸುತ್ತಿದ್ದರು. ಅತ್ತೆ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಂಡರು. ನಾನು ನೀರು ಕೊಟ್ಟೆ. ಅಷ್ಟು ಏರು ನಡೆದು ಹತ್ತಿದಿರಿ, ತುಂಬಾ ಸುಸ್ತಾಯ್ತಾ ಅತ್ತೆ ಎಂದು ಕೇಳಿದೆ.

ಅವರು ನೀರು ಕುಡಿದು ಲೋಟ ಮಡಿಲಲ್ಲಿಟ್ಟುಕೊಂಡರು.

"ಡ್ಯೂಟಿಗೆ ಬಿಡೋವಾಗ ಗೇಟಿನ ಹತ್ರ ನನ್ನ ಇಳಿಸಿ, ತಿರುಗಿ ಕೂಡ ನೋಡದೆ ಹೋಗಿಬಿಡ್ತಿದ್ರು. ಅವರಿಗೂ ಕೆಲಸಕ್ಕೆ ಹೊತ್ತಾಗ್ತಿತ್ತಲ್ಲ. ವರ್ಷಗಟ್ಟಲೆ ಹಾಗೇ. ಇವತ್ತು ಅದೇ ಗೇಟಿನ ಹತ್ರ ಗಾಡಿ ನಿಲ್ಲಿಸ್ಕೊಂಡು, ನಾನು ಬರೋ ದಾರೀನೇ ನೋಡ್ತಾ ನಿಂತಿದ್ರು." ಅವರು ಹಜಾರದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸುಸ್ತೇನಿಲ್ಲ ಕಣೇ. ನಾನು ಬೇಕಂತಲೇ ನಿಧಾನಕ್ಕೆ ನಡೆದೆ."